ನಡುವಣ ಒಂದು ವರ್ಷ

ನನ್ನ ತಮ್ಮನು ತೀರ್ಥಹಳ್ಳಿಯ ಸಮೀಪದಲ್ಲಿ ಅಡಕೆಯ ತೋಟ ಮಾಡಿಕೊಂಡಿರುವ ಸಂಗತಿ ಈ ಪುಟವನ್ನು ತಪ್ಪದೆ ಓದುವ ವಾಚಕರಿಗೆ ತಿಳಿದಿದೆ. ಎರಡು ವರ್ಷಗಳ ಹಿಂದಣ ನವರಾತ್ರಿಯಲ್ಲಿ ನಾನು ಅವನ ಮನೆಗೆ ಹೋಗಿದ್ದೆನು. ಆಯುಧಪೂಜೆಯ ದಿನ. ಹೊಳೆಯಿಂದ ತೋಟಕ್ಕೆ ನೀರೆತ್ತುವ ಹಳೆಯ ಪಂಪಿಗೆ ತಮ್ಮನು ಕುಂಕುಮವಿಟ್ಟು ಹೂ ಏರಿಸುತ್ತಿದ್ದಾಗ ಇಂಗ್ಲೆಂಡಿನಿಂದ ಮಗಳ ಕರೆ ಬಂದಿತು. ಅವಳು ಆ ದೇಶದ ಉತ್ತರಭಾಗದ ಒಂದು ವಿಶ್ವವಿದ್ಯಾನಿಲಯದಲ್ಲಿ ಯಂತ್ರಶಾಸ್ತ್ರವನ್ನು ಓದುತ್ತ ಆಗತಾನೆ ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದಳು.

“ಅಪ್ಪಯ್ಯ, ಪ್ಲೇಸ್‌ಮೆಂಟಿಗೆ ಅರ್ಜಿ ಹಾಕಬೇಕೆಂದಿದ್ದೇನೆ” ಎಂದಳು.

ನಮ್ಮ ಕಡೆ ಪ್ಲೇಸ್‌ಮೆಂಟ್ ಎಂದರೆ ಕಂಪೆನಿಯವರು ಕಾಲೇಜಿಗೆ ಬಂದು ಕಡೆಯ ವರ್ಷದ ಹುಡುಗರನ್ನು ಕೆಲಸಕ್ಕೆ ಆರಿಸಿಕೊಂಡು ಹೋಗುವುದಲ್ಲವೆ? ತಮ್ಮನು ಹಾಗೆಯೇ ತಿಳಿದನು. ಕುಂಕುಮದ ಕೈಯನ್ನು ಪಂಚೆಗೆ ಒರೆಸಿಕೊಂಡು, ಮಗಳಿಗೆ ಇಷ್ಟು ಬೇಗ ಕೆಲಸವಾಗುವಂತಿದೆಯೆಂದು ನೆರೆಮನೆಯವರಿಗೂ ಹೇಳಿಬಿಟ್ಟನು. ನಿಜಸಂಗತಿ ತಿಳಿಯಲು ಅರ್ಧ ಗಂಟೆ ಹಿಡಿಯಿತು. ಎರಡು ವರ್ಷ ಓದಿದ ಮೇಲೆ ಓದನ್ನು ನಿಲ್ಲಿಸಿ ಒಂದು ವರ್ಷ ಯಾವುದಾದರೂ ಕಾರ್ಖಾನೆಯಲ್ಲಿ ದುಡಿಯುವುದು; ಆಮೇಲೆ ಮರಳಿ ಬಂದು ಕಡೆಯ ವರ್ಷವನ್ನು ಮುಗಿಸುವುದು; ಮೂರು ವರ್ಷದ ಪದವಿ ನಾಲ್ಕು ವರ್ಷದ್ದಾಗುವುದು. ಸಾಲದುದಕ್ಕೆ ಆ ನಡುವಣ ವರ್ಷಕ್ಕೂ ವಿಶ್ವವಿದ್ಯಾನಿಲಯಕ್ಕೆ ಒಂದಿಷ್ಟು ಶುಲ್ಕವನ್ನು ತೆರಬೇಕು.

ಎಂಬತ್ತನ್ನು ದಾಟಿದ ನಮ್ಮ ತಾಯಿಯವರು ಜಗಲಿಯ ಕಂಬಕ್ಕೆ ಒರಗಿ ಇದನ್ನೆಲ್ಲ ಕೇಳುತ್ತಿದ್ದವರು, “ಇನ್ನೊಬ್ಬರ ಮನೆಯಲ್ಲಿ ದುಡಿಯುವುದಕ್ಕೆ ಮಠಕ್ಕೆ ಕಾಣಿಕೆ ಕೊಟ್ಟ ಹಾಗಾಯಿತು” ಎಂದರು. ತಮ್ಮನಿಗೆ ನಗು ಬರಲಿಲ್ಲ. ತೋಟದ ಮೇಲೆ ಬ್ಯಾಂಕಿನ ಸಾಲವಿದ್ದಿತು. ಒಂದು ವರ್ಷವೆಂದರೆ ಅವನಿಗೆ ಒಂದು ಕೊಯ್ಲು.

ಈ ವಿಚಾರದಲ್ಲಿ ನನ್ನ ಅಭಿಪ್ರಾಯವನ್ನು ಕೇಳಿದರು. ನನಗೂ ಅಂದು ಹೆಚ್ಚೇನೂ ತಿಳಿದಿರಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಒಂದಷ್ಟು ಓದಿ ವಿಚಾರಿಸಿ ತಿಳಿದುಕೊಂಡುದನ್ನು, ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ ಮತ್ತು ಕಳುಹಿಸಬೇಕೆಂದಿರುವ ಗೃಹಸ್ಥರ ಉಪಯೋಗಕ್ಕೆ ಇಲ್ಲಿ ಬರೆಯುತ್ತೇನೆ.

ಇಂಗ್ಲೆಂಡಿನವರು ಇದಕ್ಕೆ ಸ್ಯಾಂಡ್‌ವಿಚ್ ಶಿಕ್ಷಣವೆಂದು ಹೆಸರಿಟ್ಟಿರುವರು. ಎರಡು ರೊಟ್ಟಿಯ ತುಂಡುಗಳ ನಡುವೆ ಪಲ್ಯವಿಟ್ಟಂತೆ ಎರಡು ಓದಿನ ನಡುವೆ ಒಂದು ದುಡಿಮೆ. ಇಡಿಯ ವರ್ಷವನ್ನು ಒಂದೇ ಬಾರಿಗೆ ಹೊರಗೆ ಕಳೆದರೆ ದಪ್ಪ ಸ್ಯಾಂಡ್‌ವಿಚ್, ಆರಾರು ತಿಂಗಳಂತೆ ಎರಡು ಬಾರಿ ಹೋದರೆ ತೆಳು ಸ್ಯಾಂಡ್‌ವಿಚ್ ಎಂದೂ ಹೇಳುವುದುಂಟು! ಹೆಸರು ಹಾಸ್ಯಾಸ್ಪದವಾದರೂ ಪದ್ಧತಿಯು ನಿನ್ನೆ ಮೊನ್ನೆಯದಲ್ಲ. ಹಡಗು ಕಟ್ಟುವ ಊರಾಗಿದ್ದ ಸಂಡರ್ಲೆಂಡಿನ ತಾಂತ್ರಿಕ ಕಾಲೇಜು 1903ರಲ್ಲಿಯೇ ಇದನ್ನು ಆರಂಭಿಸಿತ್ತು.

ಅದೇ ಕಾಲದಲ್ಲಿ ಅಮೆರಿಕಾದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರಿಗೆ ಇದೇ ಯೋಚನೆ ಬಂದಿತ್ತು. ಅವರು ಪೆನ್ಸಿಲ್ವೇನಿಯದ ಲೀಹೈ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದಾಗ ಒಂದು ಸಂಗತಿಯನ್ನು ಗಮನಿಸಿದರು. ಪದವಿ ಪಡೆದು ಹೊರಹೋದವರಲ್ಲಿ ಮುಂದೆ ಕೆಲಸದಲ್ಲಿ ಸಮರ್ಥರೆನಿಸಿಕೊಂಡವರು ಬಹುಮಟ್ಟಿಗೆ ಓದುವ ಕಾಲದಲ್ಲಿಯೋ ರಜೆಯಲ್ಲಿಯೋ ಹೊಟ್ಟೆಪಾಡಿಗೆ ದುಡಿದವರಾಗಿದ್ದರು. ಬಡತನದಿಂದ ತಾನಾಗಿ ಒದಗಿದ ಈ ಶಿಕ್ಷಣವನ್ನು ಎಲ್ಲರಿಗೂ ಏರ್ಪಡಿಸಬಾರದೇಕೆ ಎಂದು ಅವರು ಯೋಚಿಸಿ, 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ 27 ಮಂದಿ ವಿದ್ಯಾರ್ಥಿಗಳೊಡನೆ ಪ್ರಯೋಗವನ್ನು ಆರಂಭಿಸಿದರು. ಹುಡುಗರನ್ನು ಜೋಡಿಗಳನ್ನಾಗಿ ಮಾಡಿ ಒಂದು ಜೋಡಿಗೆ ಕಾರ್ಖಾನೆಯಲ್ಲಿ ಒಂದೇ ಕೆಲಸ. ಒಬ್ಬನು ಒಂದು ವಾರ ಯಂತ್ರದ ಮುಂದೆ, ಇನ್ನೊಬ್ಬನು ಆ ವಾರ ತರಗತಿಯಲ್ಲಿ. ಮುಂದಿನ ವಾರ ಅದಲುಬದಲು. ಯಂತ್ರವೂ ಖಾಲಿ ನಿಲ್ಲದು, ಬೆಂಚೂ ಖಾಲಿ ಉಳಿಯದು. ಲೆಕ್ಕ ಬಲ್ಲ ಮನುಷ್ಯ.

ಬ್ರಿಟನ್ನಿನಲ್ಲಿ ಈ ಕ್ರಮವು ವಿಶ್ವವಿದ್ಯಾನಿಲಯಗಳಲ್ಲಿ ಬೇರೂರಿದುದು ಎರಡನೆಯ ಮಹಾಯುದ್ಧ ಮುಗಿದ ಬಹಳ ಕಾಲದ ಮೇಲೆ. ತಾಂತ್ರಿಕ ಕಾಲೇಜುಗಳಲ್ಲಿ ಕೆಲವನ್ನು 1956ರಿಂದ ಮೇಲ್ದರ್ಜೆಗೆ ಏರಿಸಿದರು. ಬ್ರೂನೆಲ್, ಲಫ್‌ಬರೋ, ಆಸ್ಟನ್, ಬಾತ್, ಬ್ರ್ಯಾಡ್‌ಫರ್ಡ್ ಮುಂತಾದವು 1966ರಲ್ಲಿ ವಿಶ್ವವಿದ್ಯಾನಿಲಯಗಳಾದವು. ಕಾರ್ಖಾನೆಯೊಡನೆ ತಮಗಿದ್ದ ನಂಟನ್ನೂ ಜೊತೆಗೆ ಕೊಂಡೊಯ್ದವು. ಇಂದು ಯಂತ್ರಶಾಸ್ತ್ರವೊಂದೇ ಅಲ್ಲ, ವ್ಯಾಪಾರ, ರಸಾಯನ, ಗಣಕಶಾಸ್ತ್ರ ಮೊದಲಾದ ಅನೇಕ ವಿಷಯಗಳಲ್ಲಿಯೂ ಈ ನಡುವಣ ವರ್ಷವನ್ನು ಆರಿಸಿಕೊಳ್ಳಲು ಅವಕಾಶವಿದೆ.

ನಮ್ಮ ದೇಶದಲ್ಲಿ ಇದಿಲ್ಲವೆ ಎಂದು ಕೇಳಬಹುದು. ಕೊಯಮತ್ತೂರಿನ ಪಿ. ಎಸ್. ಜಿ. ತಾಂತ್ರಿಕ ಕಾಲೇಜಿನಲ್ಲಿ ಐದು ವರ್ಷದ ಸ್ಯಾಂಡ್‌ವಿಚ್ ಪದವಿಯುಂಟು. ಪಿಲಾನಿಯ ಸಂಸ್ಥೆಯು 1973ರಿಂದ ಪ್ರಾಕ್ಟಿಸ್ ಸ್ಕೂಲ್ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಕಾರ್ಖಾನೆಗಳಿಗೆ ಕಳುಹಿಸುತ್ತ ಬಂದಿದೆ. ಆದರೆ 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ತಿದ್ದುಪಡಿಯಾಗಿ ಪದವೀಧರರಿಗೂ ಅದು ಅನ್ವಯವಾದಾಗ, ಅಭ್ಯಾಸದ ವರ್ಷವು ಪದವಿಯ ನಂತರಕ್ಕೆ ಬಿದ್ದಿತು. ಹಿಂದಿರುಗಿ ಬಂದು ಗುರುಗಳನ್ನು ಪ್ರಶ್ನಿಸುವ ಅವಕಾಶ ಅದರಲ್ಲಿಲ್ಲ. ಈಗ ನಮ್ಮ ಕಾಲೇಜುಗಳಲ್ಲಿ ಇಂಟರ್ನ್‌ಷಿಪ್ ಕಡ್ಡಾಯವಾಗಿರುವುದು ಸಂತೋಷದ ವಿಷಯ. ಹಣ ಕೊಟ್ಟರೆ ಕಾರ್ಖಾನೆಯ ಬಾಗಿಲನ್ನು ನೋಡದೆಯೇ ಪ್ರಮಾಣಪತ್ರವನ್ನು ಬರೆದುಕೊಡುವವರೂ ಹುಟ್ಟಿಕೊಂಡಿರುವರೆಂದು ಕೇಳಿದಾಗ ಆ ಸಂತೋಷವು ಅರ್ಧವಾಗುತ್ತದೆ.

ಇನ್ನು ಹಣದ ಮಾತು. ಗೃಹಸ್ಥನು ಮೊದಲು ಕೇಳತಕ್ಕುದೂ ಅದೇ, ಕೇಳಲು ಸಂಕೋಚಪಡುವುದೂ ಅದೇ.

ಇಂಗ್ಲೆಂಡಿನಲ್ಲಿ ಆ ದೇಶದ ವಿದ್ಯಾರ್ಥಿಗಳಿಗೆ ಈ ವರ್ಷದ ಶುಲ್ಕವು ಪೂರ್ಣಶುಲ್ಕದ ಮಿತಿಯ ಐದನೆಯ ಒಂದು ಪಾಲನ್ನು ಮೀರಕೂಡದೆಂದು ಕಟ್ಟಳೆಯಿದೆ. ಹೊರದೇಶದವರಿಗೆ ಈ ರಕ್ಷಣೆಯಿಲ್ಲ. ವಿಶ್ವವಿದ್ಯಾನಿಲಯ ಗೊತ್ತುಮಾಡಿದುದೇ ಶುಲ್ಕ. ಆದುದರಿಂದ ಅದೆಷ್ಟೆಂಬುದನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯತಕ್ಕದ್ದು. ವಿದ್ಯಾರ್ಥಿಯ ವೀಸಾದಲ್ಲಿರುವವರು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಕೂಡದೆಂಬ ನಿಯಮವು ಪದವಿಯ ಅಂಗವಾದ ಈ ಕೆಲಸಕ್ಕೆ ತಗಲುವುದಿಲ್ಲ; ಪೂರ್ಣಾವಧಿ ದುಡಿಯಬಹುದು. ಆದರೆ ಮೂರು ವರ್ಷಕ್ಕೆಂದು ಹೋದವರು ನಾಲ್ಕನೆಯ ವರ್ಷವನ್ನು ಸೇರಿಸಿಕೊಂಡಾಗ ವೀಸಾದ ಅವಧಿಯನ್ನು ಬೆಳೆಸಿಕೊಳ್ಳಬೇಕು; ಅದಕ್ಕೆ ಬೇರೆ ಶುಲ್ಕ, ಅದರ ಮೇಲೆ ವೈದ್ಯಸೇವೆಯ ತೆರಿಗೆ. ಇದು 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡು. ಇನ್ನೊಂದು ವಿಷಯವನ್ನು ಕೇಳಿ ನಾನು ಚಕಿತನಾದೆನು. ಪದವಿಯ ಅಂಗವಾಗಿ ಒಂದು ವರ್ಷದವರೆಗೆ ದುಡಿಯುವ ವಿದ್ಯಾರ್ಥಿಗೆ ಕನಿಷ್ಠ ವೇತನವನ್ನು ಕೊಡಲೇಬೇಕೆಂದು ಆ ದೇಶದ ಕಾಯಿದೆ ವಿಧಿಸುವುದಿಲ್ಲ. ಯಂತ್ರಶಾಸ್ತ್ರದಂಥ ವಿಷಯಗಳಲ್ಲಿ ಸಂಬಳ ಕೊಡುವುದೇ ವಾಡಿಕೆ. ಆದರೂ ಒಪ್ಪಂದವನ್ನು ಓದದೆ ರುಜು ಹಾಕಬಾರದು.

ನಮ್ಮ ಬ್ಯಾಂಕುಗಳ ವಿದ್ಯಾಸಾಲದಲ್ಲಿ ಸಾಮಾನ್ಯವಾಗಿ ಓದಿನ ಅವಧಿ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟುವುದಕ್ಕೆ ಬಿಡುವಿರುತ್ತದೆ. ಓದಿನ ಅವಧಿ ಬೆಳೆದುದನ್ನು ಬ್ಯಾಂಕಿಗೆ ಕಾಗದ ಪತ್ರಗಳೊಡನೆ ತಿಳಿಸದಿದ್ದರೆ, ಮಗಳು ಇನ್ನೂ ತರಗತಿಯಲ್ಲಿರುವಾಗಲೇ ಕಂತಿನ ನೋಟೀಸು ಮನೆಗೆ ಬರುವುದು. ನನ್ನ ತಮ್ಮನಿಗೆ ಹಾಗೆಯೇ ಬಂದಿತು. ತಿಳಿಸಿದ ಮಾತ್ರಕ್ಕೆ ಬಡ್ಡಿಯು ನಿಲ್ಲುವುದಿಲ್ಲವೆಂಬುದನ್ನೂ ನೆನಪಿಡಬೇಕು. ಅದು ರಾತ್ರಿಯೂ ಬೆಳೆಯುವ ಬಳ್ಳಿ.

ಇಷ್ಟನ್ನೂ ಎಣಿಸಿ ತಮ್ಮನು ಒಪ್ಪಿದನು. ಒಪ್ಪಿದ ಮೇಲೆ ಇನ್ನೊಂದು ತೊಡಕು. ಕೆಲಸವನ್ನು ವಿಶ್ವವಿದ್ಯಾನಿಲಯದವರು ಕೈಯಲ್ಲಿಡುವುದಿಲ್ಲ; ದಾರಿ ತೋರಿಸುವರು, ಅರ್ಜಿಯನ್ನು ತಿದ್ದಿಕೊಡುವರು; ಹುಡುಕಬೇಕಾದವಳು ವಿದ್ಯಾರ್ಥಿನಿಯೇ. ಅವಳು 23 ಅರ್ಜಿಗಳನ್ನು ಹಾಕಿದಳು. ಅನೇಕವಕ್ಕೆ ಉತ್ತರವೇ ಬರಲಿಲ್ಲ. ಕೆಲವರು ಹೊರದೇಶದವಳೆಂದು ತಿಳಿದೊಡನೆ ಸುಮ್ಮನಾದರು. ನಮ್ಮ ಊರಿನಲ್ಲಿ ಯುಗಾದಿ ಕಳೆಯಿತು. ಅವಳ ಮಾತಿನಲ್ಲಿ ಮೊದಲಿನ ಉತ್ಸಾಹವಿರಲಿಲ್ಲ. ಕೆಲಸ ಸಿಕ್ಕದವರು ನೇರವಾಗಿ ಕಡೆಯ ವರ್ಷಕ್ಕೆ ಹೋಗಬಹುದು. ಅದರಲ್ಲಿ ಅವಮಾನವೇನೂ ಇಲ್ಲವೆಂದು ನಾನು ಹೇಳಿದೆನು. “ನಿಮಗೆ ಹಾಗೆ ಕಾಣುತ್ತದೆ ದೊಡ್ಡಪ್ಪ, ಇಲ್ಲಿ ಎಲ್ಲರಿಗೂ ಸಿಕ್ಕಿದೆ” ಎಂದಳು. ಎಲ್ಲರಿಗೂ ಸಿಕ್ಕಿರಲಿಲ್ಲ, ಸಿಕ್ಕದವರು ಮಾತನಾಡುತ್ತಿರಲಿಲ್ಲ, ಅಷ್ಟೆ. ಕಟ್ಟಕಡೆಗೆ ಮೇ ತಿಂಗಳಿನಲ್ಲಿ ಒಂದು ಚಿಕ್ಕ ಊರಿನ ಪಂಪಿನ ಕಾರ್ಖಾನೆಯವರು ಕರೆದರು.

ಅಲ್ಲಿನ ನಾಲ್ಕನೆಯ ತಿಂಗಳಿನಲ್ಲಿ ನಡೆದ ಒಂದು ಪ್ರಸಂಗವನ್ನು ಅವಳು ತಂದೆತಾಯಿಗಳಿಗೆ ಬಹಳ ಕಾಲ ತಿಳಿಸಿರಲಿಲ್ಲ, ನನಗೆ ಹೇಳಿದ್ದಳು. ಈಗ ಅವಳ ಅನುಮತಿಯಿಂದಲೇ ಬರೆಯುತ್ತಿದ್ದೇನೆ.

ಕಟ್ಟಿ ಮುಗಿದ ಪಂಪುಗಳನ್ನು ಕಳುಹಿಸುವ ಮುನ್ನ ಓಡಿಸಿ ನೋಡುವ ಪರೀಕ್ಷಾಶಾಲೆಯಲ್ಲಿ ಅವಳಿಗೆ ಕೆಲಸ. ಎಷ್ಟು ಎತ್ತರಕ್ಕೆ ಎಷ್ಟು ನೀರು ಬರುವುದೆಂಬುದನ್ನು ಅಳೆದು ಬರೆಯಬೇಕು. ಒಂದು ಮಧ್ಯಾಹ್ನ ಹಿರಿಯ ಫಿಟ್ಟರು ಊಟಕ್ಕೆ ಹೋಗಿದ್ದಾಗ, ಓಡುತ್ತಿದ್ದ ಒಂದು ದೊಡ್ಡ ಪಂಪಿನಲ್ಲಿ ಶಾಫ್ಟು ಹೊರಬರುವ ಕಡೆ ನೀರು ತೊಟ್ಟಿಕ್ಕುತ್ತಿರುವುದನ್ನು ಅವಳು ಕಂಡಳು. ಶಾಫ್ಟಿನ ಸುತ್ತಲೂ ಹಗ್ಗದಂಥ ಪ್ಯಾಕಿಂಗನ್ನು ಸುತ್ತಿ, ಅದರ ಮೇಲೆ ಗ್ಲ್ಯಾಂಡನ್ನಿಟ್ಟು ನಟ್ಟುಗಳಿಂದ ಬಿಗಿದಿರುವರು. ಒಳಗಿನ ನೀರು ಹೊರಗೆ ಬಾರದಿರಲೆಂದೇ ಈ ಏರ್ಪಾಡು. ಪುಸ್ತಕದಲ್ಲಿ ಅವಳು ಓದಿದ್ದುದೂ ಅಷ್ಟೇ. ಹನಿ ಬೀಳುತ್ತಿದೆಯೆಂದರೆ ಬಿಗಿ ಸಾಲದು ಎಂದುಕೊಂಡು ಸ್ಪ್ಯಾನರನ್ನು ತೆಗೆದುಕೊಂಡು ನಟ್ಟುಗಳನ್ನು ತಿರುಗಿಸಿದಳು. ಹನಿ ನಿಂತಿತು. ನೆಲವನ್ನು ಒರೆಸಿ, ಸಂತೋಷದಿಂದ ಹೋಗಿ ಲೆಕ್ಕವನ್ನು ಬರೆಯುತ್ತ ಕುಳಿತಳು.

ಅರ್ಧ ಗಂಟೆಯೊಳಗೆ ಸುಟ್ಟ ವಾಸನೆ. ನೋಡಿದರೆ ಗ್ಲ್ಯಾಂಡಿನಿಂದ ಹೊಗೆ. ಪಂಪನ್ನು ನಿಲ್ಲಿಸಿ ಬಿಚ್ಚಿದಾಗ ಪ್ಯಾಕಿಂಗ್ ಕರಿಕಾಗಿದ್ದಿತು. ಶಾಫ್ಟಿನ ಮೇಲಣ ಸ್ಲೀವ್ ಎಂಬ ಲೋಹದ ಕವಚದ ಮೇಲೆ ಗೀರುಗಳು ಬಿದ್ದಿದ್ದವು. ಆ ಪಂಪು ಮರುದಿನ ಕೊಂಡವರಿಗೆ ಹೋಗಬೇಕಾಗಿದ್ದಿತು. ಹನಿಯುವ ಆ ನೀರೇ ಪ್ಯಾಕಿಂಗಿಗೂ ಶಾಫ್ಟಿಗೂ ನಡುವೆ ಎಣ್ಣೆಯ ಕೆಲಸವನ್ನು ಮಾಡುವುದು, ಬಿಸಿಯನ್ನು ಹೊರಕ್ಕೆ ಕೊಂಡೊಯ್ಯುವುದು. ಪೂರ್ತಿ ಬಿಗಿದರೆ ಉಜ್ಜಿ ಉಜ್ಜಿ ಬೆಂಕಿಯಾಗುವುದು. ಇದು ಆ ಕಾರ್ಖಾನೆಯಲ್ಲಿ ಕಸ ಗುಡಿಸುವವನಿಗೂ ತಿಳಿದಿದ್ದ ಸಂಗತಿ. ಆ ಕಾರಣದಿಂದಲೇ ಹೊಸಬಳಿಗೆ ಯಾರೂ ಹೇಳಿರಲಿಲ್ಲ.

ತನ್ನನ್ನು ಅಂದೇ ಮನೆಗೆ ಕಳುಹಿಸುವರೆಂದು ಅವಳು ನಿಶ್ಚಯಿಸಿಕೊಂಡಳು. ಊರಿನ ಸಾಲ, ತಂದೆಯ ಮುಖ, ಬೆಳೆಸಿಕೊಂಡ ವೀಸಾ ಎಲ್ಲವೂ ಒಮ್ಮೆಗೇ ಕಣ್ಣಮುಂದೆ ಬಂದುವಂತೆ. ಸ್ಲೀವನ್ನು ಬೇರೆಯವರು ಬದಲಾಯಿಸಿದರು. ಆಮೇಲೆ ಫಿಟ್ಟರು ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು, ಬೈಯದೆ, ಕೊಕ್ಕೆಯಂಥ ಒಂದು ಉಪಕರಣವನ್ನು ಅವಳ ಕೈಗೆ ಕೊಟ್ಟನು. ಸುಟ್ಟ ಪ್ಯಾಕಿಂಗನ್ನೆಲ್ಲ ಅವಳಿಂದಲೇ ತೆಗೆಸಿದನು. ಹೊಸತನ್ನು ಅಳೆದು ಉಂಗುರಗಳನ್ನಾಗಿ ಕತ್ತರಿಸಿಸಿದನು. ಒಂದು ಉಂಗುರದ ಸೀಳು ಇನ್ನೊಂದರ ಸೀಳಿನ ನೇರಕ್ಕೆ ಬಾರದಂತೆ ತಿರುಗಿಸಿ ತಿರುಗಿಸಿ ಕೂಡಿಸಿಸಿದನು. ಪಂಪನ್ನು ಓಡಿಸಿ, ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಸುತ್ತ, ಗಡಿಯಾರವನ್ನು ನೋಡಿ ಹನಿಗಳನ್ನು ಎಣಿಸೆಂದನು. ಆ ಪಂಪಿಗೆ ನಿಮಿಷಕ್ಕೆ 40-50 ಹನಿ ಸರಿಯಾದ ಲೆಕ್ಕ. ರಾತ್ರಿ ಎಂಟರವರೆಗೆ ಅವಳು ಎಣಿಸಿದಳು.

ಮರುದಿನ ಮೇಲಧಿಕಾರಿಯು ಕರೆದು, ಏನಾಯಿತೆಂಬುದನ್ನು ಅವಳ ಹೆಸರಿನಲ್ಲಿಯೇ ಬರೆದುಕೊಡಹೇಳಿದನು. ಬರೆದುಕೊಟ್ಟಳು. ಆ ವರದಿಯ ಕಡೆಯ ಸಾಲು, ಪರೀಕ್ಷಾಶಾಲೆಯ ಗೋಡೆಯ ಮೇಲೆ ಹನಿಗಳ ಲೆಕ್ಕವನ್ನು ಬರೆದು ಹಾಕಬೇಕೆಂಬ ಸೂಚನೆ. ಹಾಕಿದರು. ಅವಳನ್ನು ತೆಗೆದುಹಾಕಲಿಲ್ಲ. ಪಂಪು ಎರಡು ದಿನ ತಡವಾಗಿ ಹೋಯಿತು.

ಎಲ್ಲರಿಗೂ ಇಂಥ ಫಿಟ್ಟರು ದೊರೆಯುವನೆಂದು ನಾನು ಹೇಳಲಾರೆನು. ಅವಳ ಸಹಪಾಠಿಯೊಬ್ಬನು ಅದೇ ವರ್ಷವನ್ನು ಒಂದು ದೊಡ್ಡ ಕಚೇರಿಯಲ್ಲಿ ಅಂಕಿಗಳನ್ನು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಇಳಿಸುವುದರಲ್ಲಿಯೇ ಕಳೆದನು. ಸಂಬಳವು ಇವಳಿಗಿಂತ ಹೆಚ್ಚು. ಕಲಿತುದು ಕಾಫಿಯ ಯಂತ್ರವನ್ನು ಸರಿಪಡಿಸುವುದು ಎಂದು ಅವನೇ ನಕ್ಕನಂತೆ. ಇನ್ನೊಬ್ಬಳು ಸಂಬಳದ ರುಚಿ ಹತ್ತಿ ಮತ್ತೆ ಪುಸ್ತಕಕ್ಕೆ ಕೈಹಚ್ಚಲಾರದೆ ಹೋದಳು. ನಡುವಣ ವರ್ಷಕ್ಕೆ ಹೋಗಿ ಬಂದವರು ಹೆಚ್ಚು ಅಂಕಗಳನ್ನು ಪಡೆಯುವರೆಂದು ಹೇಳುವುದುಂಟು. ಹೋದವರಲ್ಲಿ ಮೊದಲೇ ಚುರುಕಾದವರು ಎಷ್ಟು ಮಂದಿಯೋ! ಅಂಕಗಳ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ ಎಷ್ಟು ಸಂಬಳವೆಂದು ಕೇಳುವಂತೆ, ಯಾರ ಕೈಕೆಳಗೆ ಕೆಲಸ, ಅವರಿಗೆ ಕಲಿಸಲು ಬಿಡುವುಂಟೆ, ವಿಶ್ವವಿದ್ಯಾನಿಲಯದಿಂದ ನೋಡಲು ಯಾರಾದರೂ ಬರುವರೆ ಎಂಬುದನ್ನೂ ಕೇಳಬೇಕೆಂಬುದು ನನ್ನ ಮತ. ಚಿಕ್ಕ ಕಾರ್ಖಾನೆಯೆಂದು ಮೂಗು ಮುರಿಯಬಾರದು. ದೊಡ್ಡ ಹೆಸರಿನ ಹಿಂದೆ ಓಡುವ ಚಟ ಮಕ್ಕಳಿಗಿಂತ ತಂದೆತಾಯಿಗಳಿಗೆ ಹೆಚ್ಚು.

ಹಣದ ವಿಷಯದಲ್ಲಿ ಆ ವರ್ಷ ಉಳಿದುದು ಬಹಳವೇನೂ ಇಲ್ಲ. ಮನೆಯ ಬಾಡಿಗೆ, ಊಟ, ಬಸ್ಸಿನ ವೆಚ್ಚ, ವಿಶ್ವವಿದ್ಯಾನಿಲಯದ ಶುಲ್ಕ, ವೀಸಾ ಇವೆಲ್ಲ ಸಂಬಳದಲ್ಲಿಯೇ ನಡೆದವು. ಒಂದು ವರ್ಷ ತೋಟದಿಂದ ಹಣ ಹೋಗಲಿಲ್ಲ. ತಮ್ಮನ ಲೆಕ್ಕದ ಪುಸ್ತಕದಲ್ಲಿ ಆ ವರ್ಷದ ಪುಟವು ಬಿಳಿಯದಾಗಿಯೇ ಉಳಿದಿದೆ. ಅದನ್ನು ಅವನು ನನಗೆ ಎರಡು ಬಾರಿ ತೋರಿಸಿದನು.

ನನ್ನ ಲೆಕ್ಕಕ್ಕೆ ಬೇಕಾದುದು ಅವಳು ತರಗತಿಗೆ ಮರಳಿದ ಮೇಲಿನ ಸಂಗತಿ. ಮರಳುವುದು ಸುಲಭವಾಗಿರಲಿಲ್ಲ. ಜೊತೆಯಲ್ಲಿ ಸೇರಿದ ಗೆಳತಿಯರಲ್ಲಿ ಅನೇಕರು ಪದವಿ ಪಡೆದು ಹೊರಟುಹೋಗಿದ್ದರು. ತರಗತಿಯ ತುಂಬ ಕೆಳಗಿನ ವರ್ಷದವರು. ತಿಂಗಳ ಕೊನೆಗೆ ಸಂಬಳವಿಲ್ಲ. ಬೆಳಗ್ಗೆ ಏಳಕ್ಕೆ ಎದ್ದು ಹೊರಡುವ ಅಭ್ಯಾಸವಾದವಳಿಗೆ ಹತ್ತು ಗಂಟೆಯ ಪಾಠವು ಮಧ್ಯಾಹ್ನದಂತೆ ತೋರಿತಂತೆ. ಆದರೆ ಘರ್ಷಣೆಯ ಪಾಠ ಬಂದ ದಿನ, ಹಿಂದೆ ಎರಡು ವರ್ಷ ಬಾಯಿ ತೆರೆಯದೆ ಬರೆದುಕೊಳ್ಳುತ್ತಿದ್ದವಳು ಎದ್ದು ನಿಂತು, ಹಲಗೆಯ ಮೇಲೆ ಬರೆದ ಸಮೀಕರಣದಲ್ಲಿ ಹನಿಯುವ ನೀರಿನ ಪಾಲು ಎಲ್ಲಿದೆಯೆಂದು ಕೇಳಿದಳು. ಅಧ್ಯಾಪಕರು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿ, ಸಂಜೆ ಕೊಠಡಿಗೆ ಬಾರೆಂದರು. ಈಗ ಅವಳ ಕಡೆಯ ವರ್ಷದ ಪ್ರಬಂಧದ ವಿಷಯವು ಅದೇ: ಗ್ಲ್ಯಾಂಡಿನ ಬಿಗಿಗೂ ಸ್ಲೀವಿನ ಸವೆತಕ್ಕೂ ಇರುವ ಸಂಬಂಧ. ಪ್ರಯೋಗಕ್ಕೆ ಹಳೆಯ ಸ್ಲೀವುಗಳನ್ನು ಆ ಕಾರ್ಖಾನೆಯವರೇ ಕಳುಹಿಸಿಕೊಟ್ಟಿರುವರು. ಅವುಗಳಲ್ಲಿ ಅವಳೇ ಕೆಡಿಸಿದ್ದು ಒಂದು.

ಕಳೆದ ದೀಪಾವಳಿಗೆ ನಾನು ಮತ್ತೆ ತಮ್ಮನ ಮನೆಗೆ ಹೋಗಿದ್ದೆನು. ಅವನಿಗೆ ಆ ಪ್ರಸಂಗವನ್ನು ಅವಳು ಆಗತಾನೆ ಹೇಳಿದ್ದಳು. ತನ್ನಿಂದ ಇಷ್ಟು ದಿನ ಮುಚ್ಚಿಟ್ಟಳಲ್ಲಾ ಎಂದು ಅವನಿಗೆ ಮನಸ್ಸಿನಲ್ಲಿ ನೋವಿದ್ದಿತು. ಊಟವಾದ ಮೇಲೆ ಒಂದು ಮಾತನ್ನೂ ಆಡದೆ ಹೊಳೆಯ ಬದಿಯ ಪಂಪ್‌ಶೆಡ್ಡಿಗೆ ಹೊರಟನು; ನಾನೂ ಹಿಂದೆಯೇ ಹೋದೆನು. ಅವನು ಹಳೆಯ ಪಂಪನ್ನು ಓಡಿಸಿ ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತನು. ಒಂದು ಹನಿಯೂ ಬೀಳುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ, ಹನಿ ಕಂಡಾಗಲೆಲ್ಲ ಅವನು ಅದನ್ನು ಬಿಗಿಯುತ್ತ ಬಂದಿದ್ದನು. ಎರಡು ವರ್ಷಕ್ಕೊಮ್ಮೆ ಸ್ಲೀವು ಕೆಟ್ಟಿತೆಂದು ಪಟ್ಟಣದ ಮೆಕ್ಯಾನಿಕ್ಕಿಗೆ ಹಣ ಕೊಟ್ಟು, ಕಳಪೆ ಮಾಲೆಂದು ಬೈಯುತ್ತ ಬಂದಿದ್ದನು. ದೂರವಾಣಿಯಲ್ಲಿ ಮಗಳನ್ನು ಕರೆದು, ಯಂತ್ರದ ಸದ್ದಿಗೆ ಗಟ್ಟಿಯಾಗಿ ಕೂಗಿ ಕೇಳಿದನು:

“ನಮ್ಮದಕ್ಕೆ ಎಷ್ಟು ಹನಿ ಬೇಕೇ?”

ಅವಳು ಶಾಫ್ಟಿನ ಅಳತೆಯನ್ನು ಕೇಳಿದಳು. ಅವನು ಗೇಣಿನಲ್ಲಿ ಹೇಳಹೋಗಿ, ಮಗಳು ನಕ್ಕುದರಿಂದ, ಅಳತೆಪಟ್ಟಿಯನ್ನು ತರಲು ನನ್ನನ್ನು ಮನೆಗೆ ಅಟ್ಟಿದನು. ನಾನು ಮರಳುವ ಹೊತ್ತಿಗೆ ನಟ್ಟುಗಳು ಸಡಿಲವಾಗಿದ್ದವು. ತಮ್ಮನು ಕೈಗಡಿಯಾರವನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಎಣಿಸುತ್ತಿದ್ದನು. ಶೆಡ್ಡಿನ ನೆಲವೆಲ್ಲ ಒದ್ದೆಯಾಗುವುದೆಂದು ಅವನ ಹೆಂಡತಿ ಈಗ ದೂರುತ್ತಿರುವಳು. ಹನಿಯ ಕೆಳಗೆ ಒಂದು ಹಳೆಯ ಎಣ್ಣೆಯ ಡಬ್ಬಿಯನ್ನಿಟ್ಟಿರುವರು.